ಅತ್ತೆ ಯಾರ ಕಡೆಯವರು

ಸಂಜೆ ಹಿಡಿದ ಮಳೆ ಬಿಡುವ ಲಕ್ಷಣ ಕಾಣಲಿಲ್ಲ. ಹೆಂಡತಿಯ ತವರಿನಲ್ಲಿದ್ದ ತನ್ನ ಎಳೆಮಗುವನ್ನು ತೋರಿಸಲು ಅಳಿಯ ಅಪ್ಪ ಅಮ್ಮನನ್ನು ಕಾರಿನಲ್ಲಿ ಕರೆತಂದಿದ್ದ. ಸ್ವಲ್ಪ ಹೊತ್ತು ಕೂತು ಹೊರಡುವುದೆಂದು ಮಾತಾಗಿತ್ತು. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ, ಆಮೇಲೆ ಕರೆಂಟೂ ಹೋಯಿತು. ಮುಂದುಗಡೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ, ಹಿಂದುಗಡೆ ಮನೆ. ನಡುವಿನ ಕೋಣೆಯಲ್ಲಿ, ಮರದ ಪುಡಿ ಮತ್ತು ಅಂಟಿನ ವಾಸನೆಯಲ್ಲಿ, ಎರಡೂ ಕಡೆಯ ಬೀಗರು ಒಂದು ಮೇಣದಬತ್ತಿಯ ಸುತ್ತ ಕುಳಿತರು.

ಅಳಿಯನಿಗೆ ಈ ಮನೆಯಲ್ಲಿ ಇನ್ನೂ ಸಂಕೋಚ. ಅರ್ಧ ಜನರ ಗುರುತೇ ಸಿಕ್ಕಿರಲಿಲ್ಲ. ಕಾರಿಳಿದು ಬಾಗಿಲಿಗೆ ಓಡುವಾಗ ಬೂದುಬಣ್ಣದ ಶಾಲು ಹೊದ್ದ ಮುದುಕಿಯೊಬ್ಬರು ಅವನ ಅಮ್ಮನ ತಲೆಯ ಮೇಲೆ ಕೊಡೆ ಹಿಡಿದು ಜೊತೆಗೇ ಒಳಗೆ ಬಂದಿದ್ದರು. ಅವರ ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು. ಯಾರೆಂದು ಕೇಳಿದರೆ ಅಪಚಾರವಾದೀತೆಂದು ಅವನು ಸುಮ್ಮನೆ ನಕ್ಕು ತಲೆಬಾಗಿಸಿದ್ದ. ಈಗ ಒಳಕೋಣೆಯಲ್ಲಿ ಮಗು ಒಮ್ಮೆ ಅತ್ತಿತು. ಅವನ ಹೆಂಡತಿ ಏಳುವಷ್ಟರಲ್ಲಿ ಅಳು ತಗ್ಗಿ, ಮೆಲ್ಲಗೆ ತಟ್ಟುವ ಸದ್ದು ಕೇಳಿಸಿತು.

"ಕೂತ್ಕೋಮ್ಮ, ಹಿರಿಯರಿದ್ದಾರಲ್ಲ ಒಳಗೆ," ಎಂದರು ಅವನ ಅಮ್ಮ. ಅತ್ತ ಕಡೆಯವರೂ ತಲೆಯಾಡಿಸಿದರು.

ಹೆಂಡತಿಯ ತಾತನನ್ನು ಎಲ್ಲರೂ ಗಾಜಿನ ತಾತ ಎನ್ನುತ್ತಿದ್ದರು. ಜೀವಮಾನವೆಲ್ಲ ಫೋಟೋಗಳಿಗೆ ಗಾಜು ಕತ್ತರಿಸಿದ ಮುದುಕ. ಅವರು ಗಂಟಲು ಸರಿಮಾಡಿಕೊಂಡರು.

"ಮಳೆ ನಿಲ್ಲೋ ತನಕ ಒಂದು ಕತೆ ಹೇಳ್ತೀನಿ, ಬೀಗರೇ. ಇಲ್ಲಿ ಕೂತಿದ್ದಾಳಲ್ಲ ನನ್ನ ಸೊಸೆ, ನಿನ್ನ ಹೆಂಡತಿ ತಾಯಿ ಕಣಪ್ಪ ಅಳಿಯ, ಇವಳು ಈ ಮನೆಗೆ ಬಂದಾಗ ಇವಳಿಗೆ ಹಿಂದೆ ಮುಂದೆ ಯಾರೂ ಇರ್ಲಿಲ್ಲ. ಅನಾಥಾಲಯದಲ್ಲಿ ಬೆಳೆದೋಳು. ಅವಳೇ ಹೇಳ್ಕೋತಾಳೆ, ನಾನ್ಯಾಕೆ ಮುಚ್ಚಿಡಲಿ? ಮದುವೆ ದಿನ ನಮ್ಮ ಕಡೆ ಕಾಲಿಡೋಕೆ ಜಾಗ ಇಲ್ಲ, ಅವಳ ಕಡೆ ಖಾಲಿ ಕುರ್ಚಿಗಳು. ಬಸುರಿ ಆದಾಗ ಒಂದು ಹಠ ಹಿಡಿದ್ಲು... ಹುಟ್ಟೋ ಮಗುಗೆ ವಂಶವೃಕ್ಷ ಬರೆದು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಅಂತ. ದೊಡ್ಡ ಹಾಳೆ ತಂದು ನಡುವೆ ಗೆರೆ ಎಳೆದ್ಲು. ಈ ಕಡೆ ನಾವು, ಕೊಂಬೆ ಮೇಲೆ ಕೊಂಬೆ, ಮಂಗಗಳ ಹಾಗೆ. ಆ ಕಡೆ ಅವಳೊಬ್ಬಳು, ಮಿಕ್ಕಿದ್ದು ಬೆಳ್ಳಗೆ ಹಾಳೆ. ನೋಡಿದಾಗೆಲ್ಲ ಕರುಳು ಚುರುಕ್ ಅನ್ನೋದು ನನಗೆ."

ಸೊಸೆ ಮಡಿಸುತ್ತಿದ್ದ ಮಗುವಿನ ಬಟ್ಟೆಗಳಿಂದ ತಲೆಯೆತ್ತದೆ ಮುಗುಳ್ನಕ್ಕಳು.

"ಅಟ್ಟದ ಮೇಲಿದ್ದ ಹಳೇ ಫೋಟೋ, ಜನನ ಪತ್ರ, ಎಲ್ಲಾ ಕೆಳಗಿಳೀತು. ಒಂದು ಮಧ್ಯಾಹ್ನ ನನ್ನ ಚಿಕ್ಕಂದಿನ ಫೋಟೋ ಹಿಡ್ಕೊಂಡು ಅಂಗಡಿಗೆ ಬಂದ್ಲು. 'ಮಾವ, ನಿಮ್ಮ ಹೆಗಲ ಮೇಲೆ ಕೈ ಇಟ್ಟಿರೋರು ಯಾರು?' ಅಂದ್ಲು. ನೋಡಿದ್ರೆ ಹೌದು... ಕೈ ಇದೆ, ಮನುಷ್ಯರಿಲ್ಲ. ಹೆದರಬೇಡಿ, ಅಷ್ಟಕ್ಕೆ ದೆವ್ವ ಅನ್ನಬಾರದು, ಅದು ನಮ್ಮ ಕಸುಬು. ಫೋಟೋ ಮೇಲೆ ಒಂದು ರಟ್ಟು ಇಡ್ತೀವಿ, ನಡುವೆ ಕಿಟಕಿ ಥರ ಕತ್ತರಿಸಿ. ಅದು ಸುತ್ತಲೂ ಒಂದು ಬೆರಳಗಲ ನುಂಗುತ್ತೆ. ಅಂಚಲ್ಲಿ ನಿಂತೋರ ಹಣೆಬರಹ ಅಷ್ಟೇ. ಮೊಳೆ ಕಿತ್ತು ರಟ್ಟು ಎತ್ತಿದೆ... ನಮ್ಮತ್ತೆ ನಿಂತಿದ್ರು. ಮರೆತೇಹೋಗಿದ್ದ ಮುಖ ನೋಡಿ ಕಣ್ಣು ತುಂಬ್ತು. ಬೂದು ಶಾಲು, ಕನ್ನಡಕದ ಕಡ್ಡಿಗೆ ದಾರ..."

ಅಳಿಯ ಒಳಕೋಣೆಯ ಪರದೆಯತ್ತ ತಿರುಗಿ ನೋಡಿದ. ದಾರ ಸುತ್ತಿದ ಕನ್ನಡಕ ಊರಲ್ಲಿ ಎಷ್ಟೋ ಇರುತ್ತವೆ ಎಂದು ತನಗೇ ಹೇಳಿಕೊಂಡ.

"ನನಗೆ ಜ್ವರ ಬಂದಾಗೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕ್ತಿದ್ದೋರು ಅವರೇ. 'ಯಾರ ಕಡೆಯೋರು ಮಾವ, ಎಲ್ಲಿ ಬರೀಲಿ?' ಅಂದ್ಲು ಇವಳು. ಅಮ್ಮನ ಕಡೆ ಅಂದೆ. ಅಮ್ಮನ ಕಡೆಯೋರನ್ನ ಕೇಳಿದ್ರೆ, ಅಯ್ಯೋ ಅವರು ನಿಮ್ಮಪ್ಪನ ಕಡೆಯೋರಲ್ವಾ ಅಂದ್ರು. ಅಪ್ಪನ ಕಡೆಯೋರು, ಆಕೆ ನಿನ್ನ ಹೆಂಡತಿ ಜೊತೆ ಬಂದೋರು ಅಂದ್ರು. ನನ್ನ ಹೆಂಡತಿ, ಪುಣ್ಯಾತ್ಗಿತ್ತಿ ಆಗಿನ್ನೂ ಇದ್ಲು, ಕೇಳಿ ಬಿದ್ದೂ ಬಿದ್ದೂ ನಕ್ಕಳು. 'ನಾನು ಈ ಬಾಗಿಲಿಗೆ ಬಂದಾಗ ಕೈ ಹಿಡಿದು ಒಳಗೆ ಕರ್ಕೊಂಡಿದ್ದೇ ಅವರು!' ನೋಡಿ, ಈ ಅತ್ತೆ ಅನ್ನೋ ಮಾತಿದೆಯಲ್ಲ, ಅದೊಂದು ದೊಡ್ಡ ಕೊಡೆ. ಅಪ್ಪನ ಅಕ್ಕತಂಗಿ ಅತ್ತೆ, ಸೋದರಮಾವನ ಹೆಂಡತಿ ಅತ್ತೆ, ಗಂಡನ ತಾಯಿ ಅತ್ತೆ, ಹೆಂಡತಿ ತಾಯೀನೂ ಅತ್ತೆ. ಅದರ ಕೆಳಗೆ ಯಾರು ಬಂದು ನಿಂತ್ರೂ, ನೀವ್ಯಾರು ಅಂತ ಯಾರು ಕೇಳ್ತಾರೆ?

"ನಾನು ಬಿಟ್ಟಾಕು ಅಂದೆ. ಇವಳು ಬಿಡೋ ಪೈಕಿನಾ? ಬಸುರಿ ಹೊಟ್ಟೆ ಹೊತ್ಕೊಂಡು ಕಚೇರಿ ಕಚೇರಿ ಅಲೆದ್ಲು. ನಮ್ಮ ತಾತ ಓದಿದ ಶಾಲೇಲಿ, ಸೇರಿಸಿದೋರ ಹೆಸರಿನ ಜಾಗದಲ್ಲಿ 'ಅತ್ತೆ' ಅಂತ ಬರೆದು ಹೆಬ್ಬೆಟ್ಟು ಒತ್ತಿತ್ತು. ಅಷ್ಟು ಸಿಕ್ಕಿದ್ದಕ್ಕೇ ಅವತ್ತು ಕುಣಿದಾಡಿದ್ಲು. ಆಮೇಲೆ ಸ್ಮಶಾನದ ಕಚೇರಿಗೆ ಹೋದ್ಲು... ಅಲ್ಲಿ ಬರೆದಿತ್ತಂತೆ. ಹೆಸರು, ಅತ್ತೆ. ಮನೆ, ಇದೇ ಮನೆ. ಸಂಬಂಧಿಕರು, ಯಾರೂ ಇಲ್ಲ. ಗುಮಾಸ್ತ ಪಾಪ ಕೇಳಿರ್ತಾನೆ, ಯಾರ ಕಡೆಯೋರು ಅಂತ. ಇವರು ಅವರ ಮುಖ ನೋಡಿರ್ತಾರೆ, ಅವರು ಇವರ ಮುಖ ನೋಡಿರ್ತಾರೆ. ಒಂದು ಜೀವ ಪೂರ್ತಿ ಈ ಮನೆ ಮಕ್ಕಳನ್ನ ಎತ್ತಿ ಆಡಿಸಿದೋರಿಗೆ... ಯಾರೂ ಇಲ್ಲ.

"ಮತ್ತೆ ಇನ್ನೊಂದು ವಿಷಯ. ಅದನ್ನ ಬರೆದಾಗ ನಮ್ಮಪ್ಪ ಇನ್ನೂ ಹುಟ್ಟಿರ್ಲಿಲ್ಲ. ಹಾಗಾದ್ರೆ ನನ್ನ ಹೆಗಲ ಮೇಲೆ ಕೈ ಇಟ್ಟೋರು ಯಾರು? ಹಣೆಗೆ ಒದ್ದೆ ಬಟ್ಟೆ ಹಾಕಿದೋರು?"

ಹೊರಗೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಒಳಗಿನ ತಟ್ಟುವ ಸದ್ದನ್ನು ಅಳಿಯ ಈಗ ಬೇಡವೆಂದರೂ ಕೇಳಿಸಿಕೊಳ್ಳುತ್ತಿದ್ದ.

"ನಕ್ಕಿದ್ದ ನನ್ನ ಹೆಂಡತಿಗೆ ನಡುಕ ಬಂತು. ಬಸುರಿ ಇರೋ ಮನೆ, ಆ ಫೋಟೋ ಸುಟ್ಟುಬಿಡಿ ಅಂದ್ಲು. ನಾನೂ ಬೆಂಕಿಪೊಟ್ಟಣ ಹುಡುಕಿದೆ ಅಂತಿಟ್ಕೊಳ್ಳಿ. ಆಗ ಇವಳು ಬಂದು ಫೋಟೋ ಕಸ್ಕೊಂಡ್ಲು. ಅಲ್ಲೀ ತನಕ ನನ್ನ ಮುಂದೆ ಗಟ್ಟಿ ದನಿ ಎತ್ತಿದೋಳಲ್ಲ. 'ಮಾವ, ಅನಾಥಾಲಯದಲ್ಲಿ ನನ್ನ ಹೆಸರಿನ ಮುಂದೂ ಅದನ್ನೇ ಬರೆದಿದ್ದಾರೆ. ಸಂಬಂಧಿಕರು ಯಾರೂ ಇಲ್ಲ. ನಿಮಗೆ ಬೇಡದಿದ್ರೆ ಬೇಡ, ಇವರು ನನ್ನ ಕಡೆಯೋರು' ಅಂದ್ಲು. ಆ ಬೆಳ್ಳಗಿದ್ದ ಹಾಳೇಲಿ, ತನ್ನ ಹೆಸರಿನ ಮೇಲೆ, ಅತ್ತೆ ಅಂತ ದಪ್ಪಕ್ಷರದಲ್ಲಿ ಬರೆದ್ಲು.

"ಮಗು ದಿನ ತುಂಬೋಕೆ ಮುಂಚೇನೇ ಹುಟ್ತು. ಅಂಗೈ ಅಗಲ. ಉಳಿಯೋದು ಕಷ್ಟ ಅಂದ್ರು. ಇವಳಿಗೆ ಎಚ್ಚರವಿಲ್ಲ, ನಮ್ಮನ್ನ ಒಳಗೆ ಬಿಡಲ್ಲ, ಆಸ್ಪತ್ರೆ ಬೆಂಚಿನ ಮೇಲೆ ನಾವು ಕೂತು ಕೂತು ಕಲ್ಲಾದ್ವಿ. ಬೆಳಗಾದ ಮೇಲೆ ನರ್ಸ್ ಬಂದು, ಮಗು ಹಾಲು ಕುಡೀತು, ಗೆದ್ದುಬಿಡ್ತು ಅಂದ್ಲು. ಅಂದು, ಇವಳ ಹಾಸಿಗೆ ಹತ್ರ ಹೋಗಿ, 'ಆ ಅಜ್ಜಿ ನಿಮ್ಮ ಕಡೆಯೋರಾ? ಹೊರಗೆ ಹೋಗಿ ಅಂದ್ರೂ ಹೋಗಲಿಲ್ಲ, ರಾತ್ರಿ ಪೂರ್ತಿ ಮಗೂನ ಎದೆಗೆ ಒತ್ಕೊಂಡು ಕೂತಿದ್ರು' ಅಂತ ಕೇಳಿದ್ಲು. ಆಗಷ್ಟೇ ಕಣ್ಣು ಬಿಟ್ಟಿದ್ದ ಇವಳು ಏನಂದ್ಲು ಗೊತ್ತಾ? 'ಹೌದು, ನನ್ನ ಕಡೆಯೋರು' ಅಂದ್ಲು. ಆ ಅಂಗೈ ಅಗಲದ ಮಗು ಯಾರು ಅಂತೀಯಾ? ನಿನ್ನ ಪಕ್ಕ ಕೂತಿದ್ದಾಳಲ್ಲಪ್ಪ."

ಅಳಿಯ ಹೆಂಡತಿಯ ಕೈ ಹಿಡಿದುಕೊಂಡ. ಅದು ಬೆಚ್ಚಗಿತ್ತು. ಅವನ ಅಮ್ಮ ಕಣ್ಣೊರೆಸಿಕೊಂಡು, ಎಂಥಾ ಕತೆ ಹೇಳಿದ್ರಿ ಎಂದು ನಿಟ್ಟುಸಿರು ಬಿಟ್ಟರು.

"ಸರಿ, ನಿಮ್ಮ ಕಡೆ ಹಿರಿಯರನ್ನ ಹೊರಗೆ ಕರೀರಿ. ಪಾಪ, ಆಗಿನಿಂದ ಮಗು ಹತ್ರ ಒಬ್ರೇ ಇದ್ದಾರೆ," ಎಂದರು.

ಸೊಸೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿದಳು. "ನಮ್ಮ ಕಡೆಯವರಾ? ನಿಮ್ಮ ಜೊತೆ ಬಂದವರಲ್ವಾ? ನಿಮಗೆ ಕೊಡೆ ಹಿಡ್ಕೊಂಡು ಬಂದ್ರಲ್ಲ, ಕೊಡೆ ಮರೆಗೆ ನನಗೆ ಮುಖ ಕಾಣಲಿಲ್ಲ."

"ಅವರು ಇಲ್ಲಿಂದ ಎದುರಿಗೆ ಬಂದವರು ಅಂದ್ಕೊಂಡೆ ನಾನು."

ಎರಡೂ ಕಡೆಯವರು ಮುಖಮುಖ ನೋಡಿಕೊಂಡರು. ಒಳಗೆ ತಟ್ಟುವ ಸದ್ದು ನಿಂತಿತು. ಅಳಿಯ ಎದ್ದು ನಿಂತ. ಒಳಗಿರುವುದು ಅವನ ಮಗು.

"ನಿಧಾನ ಕಣಪ್ಪ, ಅಳಿಯ," ಎಂದರು ಗಾಜಿನ ತಾತ, ಮೊದಲ ಸಲ ದನಿ ತಗ್ಗಿಸಿ. "ಹೋಗು, ನಿನ್ನ ಮಗು, ಬೇಡ ಅನ್ನೋಕೆ ನಾನ್ಯಾರು? ಆದ್ರೆ ಯಾರ ಕಡೆಯೋರೂ ಅಲ್ಲ ಅಂತ ಮಾತ್ರ ಬಾಯಲ್ಲಿ ಬರಬಾರದು... ಒಂದು ಸಲ ಅಂದಿದ್ದಕ್ಕೇ ಇಷ್ಟು ಕಾಲದಿಂದ ಬಾಗಿಲು ಬಾಗಿಲು ಕಾಯ್ತಿದ್ದಾರೆ. ಈಗಲೂ ಕಿವಿಗೊಟ್ಟು ಕೂತಿರ್ತಾರೆ, ನೀನೇನಂತೀಯ ಅಂತ."

ಅಳಿಯ ಒಳಕೋಣೆಯ ಪರದೆಯ ತನಕ ಹೋದ. ಕೈ ಚಾಚಿ, ಪರದೆ ಸರಿಸದೆ, ನಿಂತ.

"ಅತ್ತೆ," ಎಂದ. "ನೀವು ನಮ್ಮ ಕಡೆಯೋರು."

ಸ್ವಲ್ಪ ಹೊತ್ತು ಮಳೆಯ ಸದ್ದೊಂದೇ ಇತ್ತು. ಆಮೇಲೆ ಒಳಗೆ ಮಗು ನಿದ್ದೆಯಲ್ಲೇ ನಕ್ಕಿತು, ಮತ್ತು ಮೆಲ್ಲಗೆ, ಮೊದಲಿನ ಹಾಗೆಯೇ, ತಟ್ಟುವುದು ಶುರುವಾಯಿತು.