ಹಳದಿ ಕೊಡೆ

ಸ್ಟೇಷನ್ನಿನ ಬೆಂಚಿನ ಮೇಲೆ ಮಗಳ ಜಡೆ ಹೆಣೆಯುತ್ತ ಕೂತಿದ್ದೆ. ಎದುರಿಗೆ ಹೆಂಗಸೊಬ್ಬರು ಹಳದಿ ಕೊಡೆ ಬಿಚ್ಚಿಕೊಂಡು ನಿಂತಿದ್ದರು. ಕಸ ಗುಡಿಸುವಾಕೆ ನಕ್ಕಳು.

“ಏನಕ್ಕಾ, ಐಶ್ವರ್ಯ ಬಂತಾ? ಬಿಸಿಲಿಲ್ಲ ಮಳೆಯಿಲ್ಲ, ಕೊಡೆ ಹಿಡಿದಿದ್ದೀರಿ!”

“ತಂಗಿಗೆ ಗುರುತು ಸಿಗಲಿ ಅಂತ ಕಣೇ. ತಿಂಗಳಿಗೊಮ್ಮೆ ಈ ಎಕ್ಸ್‌ಪ್ರೆಸ್‌ನಲ್ಲೇ ದೊಡ್ಡಾಸ್ಪತ್ರೆಗೆ ಹೋಗ್ತಾಳೆ.”

“ಇದು ಮೊದಲು ಇಲ್ಲಿ ನಿಲ್ತಿತ್ತಲ್ವಾ?”

“ಎರಡು ನಿಮಿಷ. ಕಿಟಕಿಯೊಳಗೆ ಕೈ ಹಾಕಿ ಅವಳ ಕೆನ್ನೆ ಸವರ್ತಿದ್ದೆ. ಹೊಸ ಟೈಮ್‌ಟೇಬಲ್‌ನಲ್ಲಿ ನಮ್ಮೂರು ಲೆಕ್ಕಕ್ಕೇ ಇಲ್ಲ.”

“ಅದು ನಿಲ್ಲೋ ಊರಿಗೆ ನೀವೇ ಹೋಗಬಾರದಾ?”

“ನಮ್ಮ ಪ್ಯಾಸೆಂಜರ್ ಅಲ್ಲಿ ಮುಟ್ಟೋ ಹೊತ್ತಿಗೆ ಇದು ಹೋಗಿರುತ್ತೆ. ಮನೇಲಿ ಹಾಸಿಗೆ ಹಿಡಿದ ಅತ್ತೆ ಬೇರೆ.”

“ಹೋಗ್ಲಿ ಬಿಡಿ, ಕಿಟಕಿಯಲ್ಲಿ ಮುಖ ಆದ್ರೂ ಕಾಣುತ್ತಲ್ಲ.”

“ಕಾಣ್ತಿತ್ತು. ಈಗ ಅವಳಿಗೆ ಕೂರೋಕಾಗಲ್ಲ. ಮಲಗಿಸ್ಕೊಂಡು ಹೋಗ್ತಾರೆ.”

“ಅಯ್ಯೋ! ಮತ್ತೆ ಈ ಕೊಡೆ ಯಾರಿಗಕ್ಕಾ?”

“ಅವಳ ಗಂಡನಿಗೆ. ಕಿಟಕಿಯಿಂದ ನೋಡಿ, ಅಕ್ಕ ಬಂದಿದ್ದಾಳೆ ಅಂತ ಅವನು ಅವಳಿಗೆ ಹೇಳ್ತಾನೆ.”

ಗಾಡಿ ಧೂಳೆಬ್ಬಿಸುತ್ತ ನುಗ್ಗಿ ಬಂತು. ಅವರು ಕೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಗುಡಿಸುವಾಕೆ ಪಕ್ಕದಲ್ಲಿ ನಿಂತು ಪೊರಕೆ ಎತ್ತಿ ಬೀಸಿದಳು. ಗಾಡಿ ನಿಲ್ಲದೆ ದಾಟಿಹೋಯಿತು.

“ಕಂಡಿರುತ್ತೆ, ಅಲ್ವೇನೇ?”

“ಕಂಡೇ ಕಂಡಿರುತ್ತೆ ಅಕ್ಕಾ.”

ಅತ್ತೆಗೆ ಔಷಧಿ ಕೊಡುವ ಹೊತ್ತಾಯಿತೆಂದು ಅವರು ಕೊಡೆ ಮಡಚಿಕೊಂಡು ಮೆಟ್ಟಿಲಿಳಿದರು.