ಬ್ಯಾಟ್ರಿ ಇಲ್ಲದ ಹಾರ್ನು

ಹತ್ತರ ಸರದ ಕುಂಡ್ರಿ. ಜೋರ ಹೇಳೂ ಮಾತಲ್ಲ ಇದು. ಕಟ್ಟಿ ಹೇಳಾಕತ್ತಾನ ಅಂತ ಯಾರೂ ನಗಬ್ಯಾಡ್ರಿ... ನಮ್ಮ ದೊಡ್ಡಪ್ಪ ಹಾಲಸಿದ್ದಪ್ಪನ ಮಗಳು ಭಾಗ್ಯಾ ಅದಾಳಲ್ಲ, ಜಮಖಂಡಿಯೊಳಗ ಟ್ರ್ಯಾಕ್ಟರ್, ಜೀಪು ವೈರಿಂಗ್ ಮಾಡಾಕಿ, ಆಕಿಗೆ ಆದದ್ದು. ಹ್ವಾದ ವರ್ಷ, ಕಬ್ಬ ಕಡಿಯೂ ಹಂಗಾಮಿನ್ಯಾಗ.

ಅವತ್ತ ಕೆಲಸ ಬಿಡೂದ್ರಾಗ ರಾತ್ರಿ ಆಗಿತ್ತು. ಮುಧೋಳ ರಸ್ತಾದಾಗ, ಊರ ಮುಗದ ಮ್ಯಾಲ ಒಂದ ಆಲದ ಗಿಡ. ಬಾಜೂಕ ಹಾಳಬಾವಿ. ಅದನ್ನ ದಾಟಿದ್ರ ನಮ್ಮ ತ್ವಾಟ. ಭಾಗ್ಯಾನ ತಲಿ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಬ್ಯಾಟ್ರಿ. ಅವರಪ್ಪನ ಜೀಪಿನ ಬ್ಯಾಟ್ರಿ ಅದು. ಹಗಲೆಲ್ಲಾ ಒಂದ ಹಳೇ ಕಾರಿಗೆ ಹಚ್ಚಿ ನೋಡೂದು, ರಾತ್ರಿ ಬಿಚ್ಚಿ ಮನಿಗೆ ಹೊರೂದು. ಮುಂಜಾನೆ ಒಂದ ಖೇಪ ಅಪ್ಪಗ ಜೀಪ್ ಬೇಕಲ್ಲ.

ಗಾಳಿ ಇರಲಿಲ್ಲ. ಎಲಿ ಅಲಗಿಲ್ಲ. ಬಾವಿಯೊಳಗ ಎಲ್ಲೋ ನೀರ ಜಿನಗಾಕತ್ತಿತ್ತು... ತೊಟ್... ತೊಟ್...

ಆಗ, ಹಿಂದಿಂದ...

ಪೀಂ...

ತೆಳ್ಳಗ, ಮೂಗಿನಾಗ ಅಳೂ ಹಂಗ. ಟ್ರ್ಯಾಕ್ಟರಿಂದಲ್ಲ, ಲಾರಿದಲ್ಲ. ಆ ಹಳೇ ಕಾರಿಂದು. ಮಧ್ಯಾಹ್ನ ತಾನ ಬಿಚ್ಚಿ, ತಿಕ್ಕಿ, ಹಚ್ಚಿದ ಹಾರ್ನು. ಗುರ್ತ ಸಿಗದ ಇರತೈತೇನು?

ಭಾಗ್ಯಾ ಕೈ ಎತ್ತಿ ತಲಿ ಮ್ಯಾಲ ಮುಟ್ಟಿ ನೋಡಿದ್ಲು. ಬ್ಯಾಟ್ರಿ ಇಲ್ಲೇ ಐತಿ.

ಪೀಂ... ಪೀಂ...

ನಾ ಆಗಿದ್ರ ಬ್ಯಾಟ್ರಿ ಅಲ್ಲೇ ಒಗದು ಓಡ್ತಿದ್ನಿ. ಭಾಗ್ಯಾ ಹೊಳ್ಳಿ ನಿಂತ್ಲು. "ನಾ ಕೂಡಿಸಿದ ಹಾರ್ನು ನನ್ನ ಕೇಳದ ಹೆಂಗ ಒದರತೈತಿ?" ಅಂದವಳ ಬಂದ ದಾರಿಗೆ ಬಿದ್ಲು.

ಆ ಕಾರ ಊರ ಕಡೀ ಮನ್ಯಾಗಿನ ಸುವರ್ಣಾ ಬಾಯಾರದ್ದು. ಮುಧೋಳದಾಗ ಸಾಲಿ ಕಲಿಸಿ ರಿಟಾಯರ್ ಆದಾವ್ರು, ಲಗ್ನ ಆಗಿಲ್ಲ, ತಲಿ ಪೂರಾ ಬೆಳ್ಳಗಾಗೇತಿ. ಕಾರು ಎರಡ ಸೀಟಿಂದು, ಹಸರು, ಮ್ಯಾಲ ಟಾಪ್ ಇಲ್ಲ. ಪರದೇಶದ್ದು, ರೇಸಿಗೆ ಓಡಸ್ತಿದ್ರಲ್ಲ ಆ ಜಾತಿದು. ಅವರಪ್ಪ ಯಾವ ಕಾಲದಾಗೋ ತಂದಿದ್ನಂತ. ಮಗಳಿಗೆ ತಾನ ಬಾಜೂಕ ಕುಂತು ಹೊಡಿಯಾಕ ಕಲಿಸಿದ್ನಂತ. ಹರೇದ ಹುಡುಗಿ ಕೂದಲಾ ಹಾರಿಸಿಕೊಂಡ ಮುಧೋಳಕ್ಕ ಕಾರ ಹೊಡಕೊಂಡ ಹೋದ್ರ ಊರ ಮಂದಿ ಸುಮ್ಮ ಇರ್ತಾರ? ಅಪ್ಪ ಸತ್ತ ಮ್ಯಾಲ ಅಣ್ಣ ಪ್ರೇಮಕುಮಾರ ಕಾರ ದೂಡಿ ಪತ್ರಾಸಿನ, ತಗಡಿನ ಶೆಡ್ಡಿನ್ಯಾಗ ಹಾಕಿದ. ಬ್ಯಾಟ್ರಿ ಕಿತ್ತ.

"ನಾ ಇರೂತನಕ ಇದು ಗೇಟ್ ದಾಟಂಗಿಲ್ಲ," ಅಂದಿದ್ನಂತ.

ದಾಟಲಿಲ್ಲ. ಬಾಯಾರು ಜನ್ಮಪೂರ್ತಿ ಕೆಂಪ ಬಸ್ಸಿನ್ಯಾಗ ನಿಂತಗೊಂಡ ಸಾಲಿಗೆ ಹ್ವಾದ್ರು.

ಅಣ್ಣ ತೀರಿಕೊಂಡು ವರ್ಷಾ ಮುಗದ ಮರದಿನ ಬಾಯಾರು ಶೆಡ್ ತಗಸಿದ್ರು. ಪುಣೆದಾಗಿನ ಅಣ್ಣನ ಮಗ ಯುವರಾಜ ನಕ್ಕ. "ಅತ್ಯಾ, ಅದು ಗುಜರಿ. ನಾ ಬರೂದ್ರಾಗ ತಾನ ನಡಕೊಂಡ ಗೇಟ್ ದಾಟಿದ್ರ ನಿಂದು, ಇಲ್ಲಂದ್ರ ಟ್ರಕ್ಕಿಗೆ ಹಾಕ್ತೀನಿ," ಅಂದ. ಮಿಸ್ತ್ರಿ ಹಣಮಂತ ಇಂಜಿನ್, ಬ್ರೇಕ್, ಟಾಯರ್ ಎಲ್ಲಾ ಮಾಡಿದ. ಆಮ್ಯಾಲ ಒಂದ ದಿನ ಶೆಡ್ಡಿನ್ಯಾಗ ಏನ ಕೇಳಿದ್ನೋ... ಪಾನಾ ಪೆಟ್ಟಿಗಿ ಅಲ್ಲೇ ಬಿಟ್ಟ ಹ್ವಾದಾಂವ ಫೋನೂ ಎತ್ತಲಿಲ್ಲ. ಉಳದದ್ದು ವೈರಿಂಗು. ಅದಕ್ಕ ಭಾಗ್ಯಾ ಬಂದ್ಲು.

ವೈರೆಲ್ಲಾ ಇಲಿ ತಿಂದಿದ್ದುವು. ಫ್ಯೂಜಿನ ಮ್ಯಾಲ ಹಸರ ಕಿಲುಬು. ನಮ್ಮ ಗಾಡಿಯೊಳಗ ಬ್ಯಾಟ್ರಿ ಮೈನಸ್ ಬಾಡಿಗೆ ಹೋಗತೈತಿ. ಇದರಾಗ ಪ್ಲಸ್ ಹೋಗತಿತ್ತು, ಉಲ್ಟಾ. ಆಕಿ ಅದನ್ನೂ ಹುಡಕಿ ತಗದ್ಲು. ಹಗಲೆಲ್ಲಾ ಜೋಡಸೂದು, ಮರದಿನ ಬಂದ ನೋಡಿದ್ರ ಒಂದಿಲ್ಲೊಂದ ವೈರ್ ಬಿಚ್ಚಿರೂದು. ಇಲಿ ಅಂದ್ಲು. ಬೋನ್ ಇಟ್ಲು. ಬೋನಿನ್ಯಾಗ ಇಲಿ ಬೀಳಲಿಲ್ಲ.

ಯುವರಾಜ ಟ್ರಕ್ ತಗೊಂಡ ಬರಾಂವ ಮರದಿನ. ಅದರ ಹಿಂದಿನ ರಾತ್ರಿನ ನಾ ಹೇಳಾಕತ್ತದ್ದು.

ಭಾಗ್ಯಾ ಹೊಳ್ಳಿ ಬಂದಾಗ ಶೆಡ್ಡಿನ ಮುಂದ ಬಾಯಾರು ಬ್ಯಾಟ್ರಿ ಹಿಡದ ನಿಂತಿದ್ರು. ಕೈಬ್ಯಾಟ್ರಿ, ಬೆಳಕಿಂದು.

"ಕೇಳಿದೇನ?" ಅಂದ್ರು, ಪಿಸುದನಿಲೆ.

"ಕೇಳೇನ್ರಿ."

"ನೀ ಬ್ಯಾಟ್ರಿ ಬಿಚ್ಚಿ ಒಯ್ದಿದ್ದಿ..."

"ನನ್ನ ತಲಿ ಮ್ಯಾಲ ಐತ್ರಿ ಬಾಯಾರ."

ಇಬ್ಬರೂ ಒಳಗ ಹ್ವಾದ್ರು. ಅವತ್ತ ಕೂಡಿಸಿದ ಜೋಡ ಎಲ್ಲಾ ಬಿಚ್ಚಿದ್ದುವು. ಒಂದೂ ಬಿಟ್ಟಿಲ್ಲ. ಸುತ್ತಿದ ಕರೇ ಟೇಪ್ ಸಣ್ಣ ಸಣ್ಣ ಉಂಡಿ ಮಾಡಿ ಸೀಟಿನ ಮ್ಯಾಲ ಸಾಲಕ ಇಟ್ಟಿತ್ತು.

ಬಾಯಾರು ಉಂಡಿ ನೋಡಿ ಬಾಯಿಗೆ ಸೆರಗ ಒತ್ತಿದ್ರು. "ನಮ್ಮಣ್ಣ... ಊಟಾ ಮಾಡಿ ಕುಂತಾಗ ಕಾಗದಾ, ದಾರಾ, ಏನ ಸಿಕ್ಕರೂ ಹಿಂಗ ಉಂಡಿ ಮಾಡ್ತಿದ್ದ..."

ಅಷ್ಟರಾಗ ಕಾರಿನ ಆ ಕಡೆಯಿಂದ...

ಖ್ಹಂ... ಖ್ಹಂ...

ಒಣಾ ಕೆಮ್ಮು. ಮುದುಕರು ಪಡಸಾಲ್ಯಾಗ ಕುಂತು, ನಾ ಇಲ್ಲೇ ಅದೇನಿ ಅಂತ ತಿಳಿಸಾಕ ಕೆಮ್ಮತಾರಲ್ಲ, ಅದು.

"ನಡಿ ಭಾಗ್ಯಾ. ಬಿಡು ಇದನ್ನ," ಅಂದ್ರು ಬಾಯಾರು.

"ನೀವ ಬೇಕಾದ್ರ ಹೋಗ್ರಿ. ನಾ ಮುಗಿಸೇ ಹೋಗಾಕಿ. ಬೆಳಕಷ್ಟ ಕೊಟ್ಟ ಹೋಗ್ರಿ."

ಬಾಯಾರು ಹೋಗಲಿಲ್ಲ. ಬೆಳಕ ಹಿಡದ್ರು.

ಭಾಗ್ಯಾ ಡ್ಯಾಶ್‌ಬೋರ್ಡಿನ ಕೆಳಗ ಅಂಗಾತ ಮಲಗಿದ್ಲು. ಒಂದೊಂದ ವೈರ್ ಹುಡಕೂದು, ಸುಲಿಯೂದು, ಕೂಡಸೂದು. ಲೈಟಿನ ವೈರ್ ಆತು. ಸೆಲ್ಫಿನ ವೈರ್ ಆತು. ಕೀಲಿಯಿಂದ ಬರೂ ಕೆಂಪ ವೈರ್ ಹಿಡದ್ಲು... ಅದು ಕೈಯಾಗಿಂದ ಜಾರಿತು. ಮತ್ತ ಹಿಡದ್ಲು. ಜಾರಲಿಲ್ಲ ಈ ಸಲ... ಎಳೀತು.

ಆ ಕಡೆಯಿಂದ ಯಾರೋ ಎಳಿಯಾಕತ್ತಿದ್ರು.

ಸಣ್ಣಗ ಒಂದ ಸಪ್ಪಳ... ಸರ್ರ್... ಬಟ್ಟಿ ಸುತ್ತಿದ ಹಳೇ ವೈರು ಪತ್ರಾದ ಅಂಚಿಗೆ ತಿಕ್ಕೂ ಸಪ್ಪಳ. ಆಕಿ ಬೆರಳ ಕೊಯ್ದು ರಕ್ತ ಬಂತು. ಆಕಿ ಬಿಟ್ಲೇನು? ಕಾಲ ಕಾರಿನ ಬಾಗಲಕ್ಕ ಒದ್ದು ಹಿಡದು ತಾನೂ ಎಳದ್ಲು.

"ಎಳಿಯಪಾ! ನಾ ಟಗರಿನ ಕೊಂಬ ಹಿಡದು ಬೆಳದಾಕಿ! ನೋಡೂನ ಎಳಿ!"

ಸರ್ರ್... ಸರ್ರ್... ಅತ್ಲಾಗ, ಇತ್ಲಾಗ. ಬ್ಯಾಟ್ರಿ ಹಚ್ಚಿರದ ಕಾರಿನ ಲೈಟು ಹತ್ತಿತು, ಆರಿತು. ಹಾರ್ನು ಬಾಯಿ ತಗೀತು. ಪೀಂ... ನಿಲ್ಲವಲ್ದು. ಪತ್ರಾಸ ಎಲ್ಲಾ ದಡಲ್ ದಡಲ್ ಅಂತು.

ಬಾಯಾರು ಮೊದಲ ಪಿಸುದನಿಲೇ ಅಂದ್ರು, "ಅಣ್ಣಾ... ಬಿಡು."

ಬಿಡಲಿಲ್ಲ.

ಆಗ ಅವರು ಕಾರಿನ ಆ ಕಡೆ ಹೋಗಿ ನಿಂತ್ರು. ಸಾಲ್ಯಾಗ ಹಿಂದಿನ ಸಾಲಿನವರಿಗೆ ಕೇಳೂ ಹಂಗ ಹೇಳ್ತಿದ್ರಲ್ಲ, ಆ ದನಿ ತಗದ್ರು.

"ನಾ ಇರೂತನಕ ಅಂದಿದ್ದಿ. ನೀ ಇದ್ದಿ, ನಾ ಕೇಳೀನಿ. ಒಂದ ದಿನಾನೂ ಎದುರ ಮಾತಾಡಿಲ್ಲ. ಈಗ ನೀ ಇಲ್ಲಣ್ಣಾ. ನಿನ್ನ ಮಣ್ಣ ಮಾಡಿ ಬಂದೀವಿ. ಬಿಡು ವೈರು!"

ಹಾರ್ನು ನಿಂತಿತು. ವೈರು ಸಡ್ಲ ಆಗಿ ಭಾಗ್ಯಾನ ಎದಿ ಮ್ಯಾಲ ಬಿತ್ತು.

ಆಕಿ ಅದನ್ನೂ ಕೂಡಿಸಿ ಬ್ಯಾಟ್ರಿ ಹಚ್ಚಿದ್ಲು. ಪ್ಲಸ್ ಬಾಡಿಗೆ, ಮೈನಸ್ ವೈರಿಗೆ. ಬಾಯಾರು ಹೊಡಿಯೂ ಸೀಟಿನ್ಯಾಗ ಕುಂತು ಕೀಲಿ ತಿರುವಿದ್ರು. ಖರ್ರ್... ಖರ್ರ್... ಖರ್ರ್ರ್... ಧಡ್ ಅಂತ ಒಂದ ಸಲ ಗುದ್ದಿ, ಇಂಜಿನ್ ಹತ್ತಿತು.

ಗೇಟಿನ ಹತ್ತರ ಬಂದ್ರು. ಮುಂದಿನ ಗಾಲಿ ಗೇಟಿನ ಗೆರಿ ಮುಟ್ಟತಿದ್ದಂಗ... ಲೈಟ್ ಆರಿತು, ಇಂಜಿನ್ ಆರಿತು. ಕತ್ತಲಾತು.

ಭಾಗ್ಯಾ ಇಳದು ಬಾನೆಟ್ ಎತ್ತಿದ್ಲು. ಬ್ಯಾಟ್ರಿಯಿಂದ ಬಾಡಿಗೆ ಹೋಗೂ ಅರ್ಥಿಂಗ್ ಪಟ್ಟಿ ಬಿಚ್ಚಿ ಜೋತಬಿದ್ದಿತ್ತು. ತನ್ನ ಕೈಯಾರ ಪಾನಾ ಹಾಕಿ ಬಿಗದದ್ದು. ಆಕಿಗೆ ಅಂಜಿಕಿ ಬರಲಿಲ್ಲಂತ, ಸಿಟ್ಟ ಬಂತಂತ. ಪಟ್ಟಿ ಮತ್ತ ಬಿಗದ್ಲು. ಅಷ್ಟಕ್ಕ ಬಿಡಲಿಲ್ಲ. ದಪ್ಪನ್ನ ವೈರ್ ಒಂದ ತಗೊಂಡು ಬ್ಯಾಟ್ರಿಯಿಂದ ಸೀದಾ ಇಂಜಿನ್ನಿಗೆ ಎರಡನೇ ಅರ್ಥಿಂಗ್ ಕೊಟ್ಲು.

"ಒಂದ ಬಿಚ್ಚೂದ್ರಾಗ ಇನ್ನೊಂದು ಇರತೈತಿ. ಹೊಡೀರಿ ಬಾಯಾರ!"

ಹೊಡದ್ರು. ಗೇಟ್ ದಾಟಿತು.

ಮುಧೋಳದ ತನಕ ಹ್ವಾದ್ರಂತ. ದಾರಿಯೊಳಗ ಕಬ್ಬಿನ ಟ್ರ್ಯಾಕ್ಟರಿನಾವ್ರು ಹಾಡ ಜೋರ ಹಚ್ಚಿಕೊಂಡ ಹೊಂಟಾವ್ರು, ಬೆಳ್ಳನ ಕೂದಲದ ಮುದುಕಿ ಟಾಪಿಲ್ಲದ ಕಾರ ಹೊಡೀತಾ ಬಾಜೂಕಿಂದ ದಾಟಿದ್ದ ನೋಡಿ ಹಾಡನ ಬಂದ್ ಮಾಡಿದ್ರಂತ. ತಾವು ಕಲಿಸಿದ ಸಾಲಿ ಮುಂದ ಬಾಯಾರು ಒಂದ ಗಳಿಗಿ ಕಾರ ನಿಲ್ಲಿಸಿದ್ರು. ಕಣ್ಣೀರ ಒರಸಿಕೊಂಡ್ರು, ಗೇರ್ ಹಾಕಿದ್ರು.

ಬೆಳಕ ಹರಿಯೂದಕ್ಕ ಹೊಳ್ಳಿ ಬಂದ್ರು. ಕಾರ ಒಳಗ ಹಾಕೂನು ಅಂತ ಭಾಗ್ಯಾ ಶೆಡ್ಡಿನ ಬಾಗಲಾ ದೂಡಿದ್ಲು. ತಗೀಲಿಲ್ಲ. ಮತ್ತ ದೂಡಿದ್ಲು. ಸಂದಿಯಾಗ ಕಣ್ಣಿಟ್ಟ ನೋಡಿದ್ರ... ಒಳಗಿಂದ ಚಿಲಕ ಹಾಕಿತ್ತು.

ಬಾಯಾರೂ ಬಗ್ಗಿ ನೋಡಿದ್ರು. ಆಮ್ಯಾಲ ಕಾರನ್ನ ಅಂಗಳದಾಗ, ಬೇವಿನ ಗಿಡದ ಕೆಳಗ ಹಚ್ಚಿದ್ರು.

"ಕುಂಡ್ರಲಿ ಬಿಡು," ಅಂದ್ರು. "ಒಳಗ ಕುಂಡ್ರೂ ಪಾಳಿ ಈಗ ಅವಂದು."

ಮಧ್ಯಾಹ್ನ ಯುವರಾಜ ಟ್ರಕ್ ತಂದ, ಕಾರ ನೋಡಿದ, ಗೇಟಿನಾಗ ಹೋಗಿ ಬಂದ ಗಾಲಿ ಗುರ್ತ ನೋಡಿದ, ಟ್ರಕ್ ಖಾಲಿ ಒಯ್ದ.

ಶೆಡ್ಡಿಗೆ ಕಿಡಕಿ ಇಲ್ರಿ. ಬ್ಯಾರೆ ಬಾಗಲಾನೂ ಇಲ್ಲ. ಮ್ಯಾಲಿನ ಪತ್ರಾಸ ಒಂದೂ ಸರದಿಲ್ಲ. ಹ್ವಾದ ವಾರ ನಾನ ಖುದ್ದ ಹೋಗಿದ್ನಿ, ಬಾಯಾರು ಚಾ ಕೊಟ್ರು, ಕುಡದು ಎದ್ದ ಹೋಗಿ ಬಾಗಲಾ ದೂಡಿ ನೋಡ್ದೆ. ಖರೆ ಹೇಳ್ತೀನಿ... ಚಿಲಕ ಇನ್ನೂ ಒಳಗಿಂದನ ಐತಿ.