ತಲೆ ಎತ್ತುವವರೆಗೆ

ಠಾಣಾಧಿಕಾರಿಗಳ ಸಮ್ಮುಖದಲ್ಲಿ ಬರೆದುಕೊಂಡ ಹೇಳಿಕೆ.

ರಂಗಸಂಗೀತ ತಂಡದಲ್ಲಿ ತಾಳವಾದ್ಯ ನುಡಿಸುವವನು, ತಂಡದವರು ಕರೆಯುವುದು ‘ಡೋಲು ಮೇಷ್ಟ್ರು’ ಎಂದು, ವಯಸ್ಸು ೫೪ ವರ್ಷ, ವಾಸ ರೈಲು ಸೇತುವೆಯ ಪಕ್ಕದ ಕಟ್ಟಡದ ಎರಡನೇ ಮಹಡಿ, ಆದ ನಾನು ಈ ಮೂಲಕ ತಿಳಿಸುವುದೇನೆಂದರೆ:

ಮೃತಳಾದ ಗಾಯಕಿ ನನ್ನ ಒಡಹುಟ್ಟಿದ ತಂಗಿ. ವಯಸ್ಸು ೪೯. ಅವಳು ವೇದಿಕೆಯ ಮೇಲೆ ಕುಸಿದ ಮೇಲೂ ವಾದ್ಯಗಳನ್ನು ಏಕೆ ನಿಲ್ಲಿಸಲಿಲ್ಲ ಎಂದು ಅವಳ ಮಗಳು ದೂರು ಕೊಟ್ಟಿದ್ದಾಳೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನೊಬ್ಬನೇ ಆದ್ದರಿಂದ ನಾನಾಗಿಯೇ ಠಾಣೆಗೆ ಬಂದಿದ್ದೇನೆ.

ಕಳೆದ ಶನಿವಾರ ನಮ್ಮ ಸಂಗೀತ ನಾಟಕದ ಹಾಡುಗಳ ಕಛೇರಿ ಇತ್ತು. ನಾಟಕವಾಡುವಾಗ ನಾವು ವಾದ್ಯದವರು ವೇದಿಕೆಯ ಮುಂದಿನ ತಗ್ಗಿನಲ್ಲಿ ಕೂರುತ್ತೇವೆ. ಹಾಡುವವರ ಮುಖ ನಮಗೆ ಕಾಣುತ್ತದೆ. ಕಛೇರಿಯಲ್ಲಿ ಹಾಗಲ್ಲ. ವಾದ್ಯಗಳು ವೇದಿಕೆಯ ಹಿಂಭಾಗದಲ್ಲಿ, ಹಾಡುವವರು ಮುಂಭಾಗದಲ್ಲಿ. ನಮಗೆ ಕಾಣುವುದು ಅವರ ಬೆನ್ನು. ವಾದ್ಯ ನಿರ್ದೇಶಕರು ನಮ್ಮ ಕಡೆ ಮುಖ ಮಾಡಿ ನಿಲ್ಲುವುದರಿಂದ ಅವರಿಗೆ ಬೆನ್ನೂ ಕಾಣುವುದಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ವಾದ್ಯಗಳನ್ನು ಜೋಡಿಸಲು ಹೋದೆ. ಎಡಕ್ಕೆ ತಾಮ್ರದ ದೊಡ್ಡ ಭೇರಿಗಳು ಎರಡು, ಎದುರಿಗೆ ಚಿಕ್ಕ ಡ್ರಮ್, ಬಲಕ್ಕೆ ತೂಗುಹಾಕಿದ ಗಂಟೆ ಕೊಳವೆಗಳ ಚೌಕಟ್ಟು, ಅದರ ಮಗ್ಗುಲಲ್ಲಿ ಕಂಚಿನ ತಟ್ಟೆಗಳು. ಕೋಲುಗಳನ್ನಿಟ್ಟರೆ ಸದ್ದಾಗದಂತೆ ಮೇಜಿನ ಮೇಲೆ ಟವೆಲ್ ಹಾಸಿದೆ. ಅಷ್ಟರಲ್ಲಿ ತಂಗಿ ಬಂದು, “ಏನಣ್ಣಾ, ಪಾತ್ರೆ ಅಂಗಡಿ ತೆರೆದೆಯಾ?” ಎಂದು ಕೇಳಿದಳು. ಇದನ್ನು ಅವಳು ಪ್ರತಿ ಸಲವೂ ಕೇಳುತ್ತಾಳೆ.

ವೇದಿಕೆಯ ನಡುವಿನ ಪರದೆ ಬೀಳುವ ಗೆರೆಯ ಮೇಲೆ ಭೇರಿಗಳಿವೆ, ಹಿಂದಕ್ಕೆ ಸರಿಸಿ ಎಂದು ವೇದಿಕೆ ನೋಡಿಕೊಳ್ಳುವವರು ಹೇಳಿದರು. ಒಂದರ ಗಾಲಿ ಕಚ್ಚಿಕೊಂಡಿತ್ತು. ಅದನ್ನು ಎತ್ತಿಯೇ ಸರಿಸಬೇಕಾಯಿತು. ಒಂದು ಬದಿ ನಾನು ಹಿಡಿದೆ, ಇನ್ನೊಂದು ಬದಿಯನ್ನು ತಂಗಿ ಹಿಡಿದಳು. ಬೇಡ ಎಂದು ನಾನು ಹೇಳಲಿಲ್ಲ. ಆಮೇಲೆ ಅವಳು ಕುರ್ಚಿಯ ಮೇಲೆ ಕೂತು ಕೆನ್ನೆ ಒತ್ತಿಕೊಳ್ಳುತ್ತಾ, ಹಾಡಿ ಹಾಡಿ ದವಡೆ ಹಿಡಿದುಕೊಂಡಿದೆ ಎಂದಳು. “ಹಾಡಿದ್ದಕ್ಕಲ್ಲ ಕಣೇ, ಬಾಯಿಗೆ ಬಿಡುವೇ ಕೊಡಲ್ವಲ್ಲ, ಅದಕ್ಕೆ” ಎಂದು ನಾನು ಹೇಳಿದೆ. ಅವಳು ನಕ್ಕಳು. ದವಡೆ ನೋವಿಗೆ ಬೇರೆ ಅರ್ಥವೂ ಇರುತ್ತದೆ ಎಂಬುದು ನನಗೆ ಆಸ್ಪತ್ರೆಯಲ್ಲಿ ತಿಳಿಯಿತು.

ಮೊದಲರ್ಧದ ಕೊನೆಯ ಹಾಡು ಅವಳದು. ಗಂಡನ ದಾರಿ ಕಾಯುವ ಹೆಂಗಸು ಹಾಡು ಮುಗಿಸಿ, ಕುರ್ಚಿಯಲ್ಲಿ ಕೂತು, ತಲೆ ತಗ್ಗಿಸುತ್ತಾಳೆ. ಅವಳು ತಲೆ ಎತ್ತಿದಾಗ ನಾನು ಗಂಟೆ ಬಾರಿಸಬೇಕು. ಅಲ್ಲಿಯವರೆಗೆ ಚಿಕ್ಕ ಡ್ರಮ್ಮಿನ ಮೇಲೆ ತಂತಿ ಕುಂಚದಿಂದ ಎಂಟು ಪೆಟ್ಟುಗಳನ್ನೇ ಮತ್ತೆ ಮತ್ತೆ ನುಡಿಸುತ್ತಿರಬೇಕು. ಇದನ್ನು ನಾವು ‘ಸುತ್ತು’ ಎನ್ನುತ್ತೇವೆ. ಎಷ್ಟು ಸುತ್ತು ಎಂದು ಹಾಳೆಯಲ್ಲಿ ಬರೆದಿರುವುದಿಲ್ಲ. ಅದು ಹಾಡುವವರಿಗೆ ಬಿಟ್ಟದ್ದು. ಸನ್ನೆ ಬರುವ ಮೊದಲು ನಿಲ್ಲಿಸಿದರೆ ವಾದ್ಯದವನದೇ ತಪ್ಪು.

ತಂಗಿ ಅಭ್ಯಾಸದಲ್ಲಿ ಒಮ್ಮೆ ನಾಲ್ಕು ಸುತ್ತಿಗೆ ತಲೆ ಎತ್ತುತ್ತಿದ್ದಳು, ಒಮ್ಮೆ ಏಳಕ್ಕೆ. ನನ್ನನ್ನು ಕಾಡಿಸಲೆಂದೇ ಹಾಗೆ ಮಾಡುತ್ತಿದ್ದಳು. ನೀನು ತಲೆ ಎತ್ತುವ ಹೊತ್ತಿಗೆ ಜನ ಮನೆಗೆ ಹೋಗಿ ಉಂಡು ಮಲಗಿರುತ್ತಾರೆ ಎಂದು ನಾನು ಹೇಳಿದ್ದೆ. “ನೋಡ್ತಿರು, ಒಂದಿನ ನಿನ್ನ ಕೈ ಸೋಲೋವರೆಗೂ ಎತ್ತಲ್ಲ” ಎಂದಿದ್ದಳು. ಇದನ್ನು ಇಡೀ ತಂಡ ಕೇಳಿಸಿಕೊಂಡಿದೆ.

ಆ ದಿನ ಅವಳು ಕಾಣಲೆಂದು ಗಂಟೆಗಳ ಚೌಕಟ್ಟಿಗೂ ಕಂಚಿನ ತಟ್ಟೆಗೂ ನಡುವೆ ಒಂದು ಗೇಣು ಸಂದಿ ಬಿಟ್ಟಿದ್ದೆ. ಅದರಲ್ಲಿ ಅವಳ ತುರುಬು, ಬಲ ಭುಜ, ಬಲಗೈ ಕಾಣುತ್ತಿದ್ದವು. ತಲೆ ಎತ್ತಿದ್ದನ್ನು ನಾನು ನೋಡಿ ನಿರ್ದೇಶಕರಿಗೆ ತಲೆಯಾಡಿಸಬೇಕು ಎಂದು ಮಾತಾಗಿತ್ತು. ಅವರೂ ಉಳಿದ ವಾದ್ಯದವರೂ ನನ್ನನ್ನೇ ನಂಬಿಕೊಂಡಿದ್ದರು.

ಸಂಜೆ ಆ ಹಾಡನ್ನು ಅವಳು ತಪ್ಪಿಲ್ಲದೆ ಹಾಡಿದಳು. ಕೂತಳು. ತಲೆ ತಗ್ಗಿಸಿದಳು. ನಾನು ಸುತ್ತು ಶುರು ಮಾಡಿದೆ.

ಏಳು ದಾಟಿದಾಗ ನಿರ್ದೇಶಕರು ಹುಬ್ಬು ಹಾರಿಸಿದರು. ಇನ್ನೂ ಇಲ್ಲ ಎಂದು ಸನ್ನೆ ಮಾಡಿದೆ. ಪಕ್ಕದ ಪಿಟೀಲಿನವರು ನನ್ನ ಕಡೆ ನೋಡಿ ನಕ್ಕರು, ನಾನೂ ನಕ್ಕೆ. ಸೋಲಿಸಲು ಇವತ್ತೇ ಬೇಕಿತ್ತೇ ಇವಳಿಗೆ ಎಂದು ಸ್ವಲ್ಪ ಸಿಟ್ಟೂ ಬಂತು. ಸಭೆಯಲ್ಲಿ ಒಂದು ಕೆಮ್ಮೂ ಇರಲಿಲ್ಲ. ಅಷ್ಟು ಜನರನ್ನು ಹಾಗೆ ಹಿಡಿದಿಟ್ಟಿದ್ದಾಳಲ್ಲ ಎಂದು ಹೆಮ್ಮೆಯಾಯಿತು.

ಹದಿನಾಲ್ಕನೆಯ ಸುತ್ತಿನಲ್ಲಿ ಅವಳ ಬಲಗೈ ಮಡಿಲಿನಿಂದ ಜಾರಿ ಕುರ್ಚಿಯ ಪಕ್ಕಕ್ಕೆ ತೂಗಿತು. ಅಭ್ಯಾಸದಲ್ಲಿ ಇದು ಇರಲಿಲ್ಲ. ಹೊಸದಾಗಿ ಸೇರಿಸಿಕೊಂಡಿದ್ದಾಳೆ, ಚೆನ್ನಾಗಿದೆ ಎಂದುಕೊಂಡೆ. ಆ ಕೈಗೆ ಒಪ್ಪುವಂತೆ ಪೆಟ್ಟನ್ನು ಇನ್ನಷ್ಟು ಮೆದು ಮಾಡಿದೆ.

ನಿರ್ದೇಶಕರು ತುಟಿಯಲ್ಲೇ ಏನೋ ಕೇಳಿದರು. ಮತ್ತೆ ಇಲ್ಲವೆಂದು ತಲೆಯಾಡಿಸಿದೆ. ಇಪ್ಪತ್ತಮೂರನೆಯ ಸುತ್ತಿನ ನಡುವೆ ಮೂರನೇ ಸಾಲಿನಿಂದ ತಂಗಿಯ ಮಗಳು ಎದ್ದು ನಿಂತು “ಅಮ್ಮಾ” ಎಂದು ಕೂಗಿದಳು. ನನ್ನ ಕೈ ತಕ್ಷಣ ನಿಲ್ಲಲಿಲ್ಲ. ಆ ಸುತ್ತನ್ನು ಮುಗಿಸಿ ನಿಂತಿತು. ಇದನ್ನು ಯಾರೂ ಹೇಳಿರಲಾರರು, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ನನ್ನ ಮೂರು ಕಡೆಯೂ ವಾದ್ಯಗಳಿದ್ದವು. ಹಿಂದಿನಿಂದ ಸುತ್ತಿ ಬರುವ ಬದಲು ಆ ಸಂದಿಯಲ್ಲೇ ಮುಂದಕ್ಕೆ ನುಗ್ಗಿದೆ. ಕಂಚಿನ ತಟ್ಟೆಗಳು ಕೆಳಗೆ ಬಿದ್ದವು. ಅದೂ ಆಟವೆಂದು ತಿಳಿದು ಹಿಂದಿನ ಸಾಲಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಸಭೆಯಲ್ಲಿದ್ದ ವೈದ್ಯರೊಬ್ಬರು ಮೇಲೆ ಬಂದು ಎದೆ ಒತ್ತಿದರು. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ, ತರುವ ಮುಂಚೆಯೇ ಹೃದಯ ನಿಂತಿತ್ತು ಎಂದರು. ಕೈ ಜಾರಿದಾಗಲೇ ನೋಡಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಕೇಳಿದೆ. ವೈದ್ಯರು, ಅದನ್ನು ಯಾರಿಂದಲೂ ಹೇಳಲಾಗುವುದಿಲ್ಲ ಎಂದರು. ಇನ್ನೊಮ್ಮೆ ಕೇಳಿದೆ. ಅದೇ ಮಾತನ್ನೇ ಹೇಳಿದರು.

ಆಸ್ಪತ್ರೆಯ ಮೊಗಸಾಲೆಯಲ್ಲಿ ತಂಗಿಯ ಮಗಳು ನನ್ನ ಪಕ್ಕ ಬಂದು ಕೂತಳು. ಕೂಗಾಡಲಿಲ್ಲ. “ಮಾವ, ಕೈ ಜಾರಿದ್ದು ನಾನೂ ನೋಡ್ದೆ. ನಂಗೆ ಆಗ್ಲೇ ಹೆದರಿಕೆ ಆಯ್ತು. ಆದ್ರೆ ನೀನು ಬಾರಿಸ್ತಾನೇ ಇದ್ದೆ. ಮಾವ ನೋಡ್ಕೊತಿದಾನಲ್ಲ, ಏನೂ ಆಗಿರಲ್ಲ ಅಂತ ಕೂತೇ ಇದ್ದೆ” ಎಂದಳು. ಅವಳ ದೂರಿನಲ್ಲಿ ಬರೆದದ್ದೆಲ್ಲ ಸರಿಯಾಗಿದೆ. ಅವಳನ್ನು ಮತ್ತೆ ಕರೆಸಿ ಕೇಳಬಾರದೆಂದು ವಿನಂತಿ. ನಿರ್ದೇಶಕರದಾಗಲಿ, ವೇದಿಕೆ ನೋಡಿಕೊಳ್ಳುವವರದಾಗಲಿ ತಪ್ಪಿಲ್ಲ.

ಈ ಸಾವಿನ ವಿಷಯದಲ್ಲಿ ಯಾರ ಮೇಲಾದರೂ ಸಂಶಯವಿದೆಯೇ ಎಂದು ಅಧಿಕಾರಿಗಳು ಕೇಳಿದರು. ಆ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಬೇಕೆಂದು ಕೋರಿದೆ. ಅವರು, “ಅಲ್ಲಿ ಬೇಡ ಯಜಮಾನ್ರೇ, ನಿಮ್ಮ ಹೆಸರು ಕೆಳಗೆ, ಸಹಿ ಹತ್ತಿರ ಬರುತ್ತೆ” ಎಂದರು. ಮತ್ತೊಮ್ಮೆ ಕೋರಿದೆ. ಆ ಜಾಗವನ್ನು ಖಾಲಿ ಬಿಟ್ಟಿದ್ದಾರೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಯಾರ ಒತ್ತಾಯವೂ ಇಲ್ಲದೆ ಕೆಳಗೆ ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: ಕಛೇರಿ ನಡೆದ ಮೂರನೆಯ ದಿನ, ಸೋಮವಾರ
(ಸಹಿ)